ಬೇವಿನ ಕಡ್ಡಿ, ಇದ್ದಿಲು, ಮೆತ್ತನೆ ಬ್ರಷ್: ನನ್ನ ವಸಡಿಗೆ ಯಾವುದು ಒಗ್ಗಿತು?

ಕಳೆದ ವರ್ಷ ಹಲ್ಲುಜ್ಜಿ ಉಗುಳಿದರೆ ನೊರೆಯಲ್ಲಿ ರಕ್ತ. ಕಲಬುರಗಿಯಲ್ಲೇ ದಂತ ವೈದ್ಯರ ಹತ್ತಿರ ಹೋಗಿ ಹಲ್ಲಿನ ಗಾರೆ ತೆಗೆಸಿದೆ. ಅದು ಮತ್ತೆ ಕಟ್ಟಬಾರದಲ್ವಾ? ಮನೆಯವರೆಲ್ಲ ಹೇಳಿದ್ದನ್ನು ಒಂದೊಂದಾಗಿ ಮಾಡಿ ನೋಡಿದೆ.

ಮೊದಲು ಬೇವಿನ ಕಡ್ಡಿ. ಊರಿಗೆ ಹೋದರೆ ಅಪ್ಪ ಹೊಲದ ಬದುವಿನ ಮರದಿಂದ ಮುರಿದು ಕೊಡುತ್ತಾರೆ. ಎಳೆಯ ಕಡ್ಡಿಯೇ ಬೇಕು, ಬಲಿತದ್ದಾದರೆ ನಾರು ವಸಡಿಗೆ ಚುಚ್ಚುತ್ತದೆ. ತುದಿ ಜಗಿದು ಕುಂಚ ಮಾಡಿಕೊಂಡು ಉಜ್ಜಿದರೆ ಮುಂದಿನ ಹಲ್ಲು ಚೊಕ್ಕ, ಬಾಯಿ ಹಗುರ. ಆದರೆ ದವಡೆ ಹಲ್ಲಿನ ಒಳಬದಿಗೆ ಕಡ್ಡಿ ಹೋಗುವುದೇ ಇಲ್ಲ. ನನಗೆ ರಕ್ತ ಬರುತ್ತಿದ್ದದ್ದು ಅಲ್ಲೇ.

ಇದ್ದಿಲು-ಉಪ್ಪನ್ನು ಹತ್ತೇ ದಿನಕ್ಕೆ ಬಿಟ್ಟೆ. ಹಲ್ಲು ಬೆಳ್ಳಗೆ ಕಂಡಿತು, ತಣ್ಣೀರು ಕುಡಿದರೆ ಜುಮ್ ಅನ್ನತೊಡಗಿತು. ಒರಟು ಪುಡಿ ಎನಾಮಲ್ (ಹಲ್ಲಿನ ಮೇಲಿನ ಗಟ್ಟಿ ಪದರ) ಸವೆಸುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಮಿಶ್ರಿಯನ್ನು ಮುಟ್ಟಲೇ ಇಲ್ಲ. ಅದು ಹುರಿದ ತಂಬಾಕು. ವಸಡಿನ ರಕ್ತ ಕಾಣದ ಹಾಗೆ ಮಾಡಿ ರೋಗವನ್ನು ಒಳಗೇ ಬೆಳೆಸುತ್ತದೆ, ಬಾಯಿ ಕ್ಯಾನ್ಸರ್ ಭಯವೂ ಇದೆ. ನಮ್ಮ ದೊಡ್ಡವ್ವ ಇನ್ನೂ ಹಚ್ಚುತ್ತಾಳೆ. ಹೋದಾಗೆಲ್ಲ ಕೈ ಹಿಡಿದು ಬಿಡು ಅಂತ ಕೇಳುತ್ತೇನೆ.

ನನಗೆ ಒಗ್ಗಿದ್ದು ಮೆತ್ತನೆ ಬ್ರಷ್, ಹುಳುಕು ತಡೆಯುವ ಫ್ಲೋರೈಡ್ ಇರುವ ಪೇಸ್ಟ್. ಮುಂಚೆ ಗಟ್ಟಿ ಬ್ರಷ್ ಹಿಡಿದು ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತಿದ್ದೆ. ಈಗ ಹಲ್ಲು-ವಸಡು ಕೂಡುವ ಗೆರೆಗೆ 45 ಡಿಗ್ರಿ ಓರೆಯಾಗಿಟ್ಟು, ಹಗುರವಾಗಿ 2 ನಿಮಿಷ, ದಿನಕ್ಕೆರಡು ಸಲ. ರಾತ್ರಿಯದ್ದನ್ನು ತಪ್ಪಿಸುವುದಿಲ್ಲ, ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಹುಳುಕು ಸುಲಭವಾಗಿ ಹತ್ತುತ್ತದೆ. ಉಜ್ಜಿದ ಮೇಲೆ ನೊರೆ ಉಗುಳುತ್ತೇನೆ, ಜಾಸ್ತಿ ನೀರು ಹಾಕಿ ಮುಕ್ಕಳಿಸುವುದಿಲ್ಲ. ಫ್ಲೋರೈಡ್ ಹಲ್ಲಿಗೆ ಹತ್ತಿ ಉಳಿಯಬೇಕು. ಮಕ್ಕಳು ಮಾತ್ರ ಪೇಸ್ಟ್ ನುಂಗಬಾರದು. ಕಲಬುರಗಿ, ಯಾದಗಿರಿ ಕಡೆಯ ಕೆಲವು ಹಳ್ಳಿಗಳ ಬೋರ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇದೆ, ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ. 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು.

ಬ್ರಷ್ಷಿಗೂ ಸಿಗದ ಜಾಗ ಹಲ್ಲಿನ ಸಂದು. ಹಸಿ ತೊಗರಿಕಾಯಿ ಕುದಿಸಿ ತಿಂದ ರಾತ್ರಿ, ಚೆನ್ನಾಗಿ ಉಜ್ಜಿಯೂ ಫ್ಲಾಸ್ ದಾರ ಎಳೆದು ನೋಡಿದೆ. ಕಾಳಿನ ಸಿಪ್ಪೆ ಹಾಗೇ ಮಡಚಿಕೊಂಡು ಹೊರಬಂತು. ಮುಂಚೆ ಇದಕ್ಕೆ ಗುಂಡುಸೂಜಿ ಹಾಕಿ ಕೆದಕುತ್ತಿದ್ದೆ, ವಸಡಿಗೆ ಗಾಯ ಮಾಡಿಕೊಳ್ಳುತ್ತಿದ್ದೆ. ಮೊದಲ ವಾರ ದಾರಕ್ಕೂ ರಕ್ತ ಹತ್ತಿತು. ಬಿಡಲಿಲ್ಲ. ಎರಡನೇ ವಾರದ ಕೊನೆಗೆ ದಾರ ಬೆಳ್ಳಗೇ ಬಂತು.

ಊರಿಗೆ ಹೋದರೆ ಬೆಳಿಗ್ಗೆ ಅಪ್ಪ ಕೊಟ್ಟ ಬೇವಿನ ಕಡ್ಡಿ ಈಗಲೂ ಜಗಿಯುತ್ತೇನೆ. ಬ್ರಷ್ಷು, ದಾರ ಚೀಲದಲ್ಲೇ ಇರುತ್ತವೆ, ರಾತ್ರಿಗೆ.