ಹುಲ್ಲಿನ ಮೇಲೆ ಕಾಂಟ್ರಾ: ಕಾಲರ್‌ಗೆ ಪೂರ್ತಿ ಅಂಕ, ನೆಲಕ್ಕೆ ಅರ್ಧ

ಅಮೆರಿಕದ ಬಾಸ್ಟನ್ ಹತ್ತಿರದ ಉದ್ಯಾನವೊಂದರಲ್ಲಿ, ಲೈಂಗಿಕ ಅಲ್ಪಸಂಖ್ಯಾತರ ಹಬ್ಬವಾದ ಜೂನ್ ತಿಂಗಳ ಪ್ರೈಡ್ ಮೇಳದ ಅಂಗವಾಗಿ ನಡೆದ ಎರಡು ಗಂಟೆಯ ಕಾಂಟ್ರಾ ಕುಣಿತ. ಹೆಜ್ಜೆಗಳನ್ನು ಕೂಗಿ ಹೇಳುವ ಒಬ್ಬ ಕಾಲರ್, ಪಿಟೀಲು, ಗಿಟಾರ್, ಕೀಬೋರ್ಡ್. ಪ್ರವೇಶ ಉಚಿತ, ಜೊತೆಗಾರರಿಲ್ಲದೆ ಬಂದರೂ ಆದೀತು.

ಕಾಂಟ್ರಾ ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಕಡೆಯ ಜಾನಪದ ಕುಣಿತ. ಕೋಲಾಟ ಆಡಿದವರಿಗೆ ಇದರ ಲೆಕ್ಕ ಬೇಗ ಹತ್ತುತ್ತದೆ: ಉದ್ದ ಸಾಲು, ಎದುರುಬದುರು ನಿಂತ ಜೋಡಿಗಳು, ಸುತ್ತು ಮುಗಿದಂತೆಲ್ಲ ಹೊಸ ಮುಖ. ಕೋಲಿನ ಬದಲು ಕೈ, ಅಷ್ಟೆ. ಒಂದು ಸುತ್ತಿಗೆ 64 ಎಣಿಕೆ, 16ರಂತೆ ನಾಲ್ಕು ಭಾಗ. ನಿಮಿಷಕ್ಕೆ 116 ತಾಳದ ವೇಗದಲ್ಲಿ ಸುತ್ತು ಸುಮಾರು 33 ಸೆಕೆಂಡಿಗೆ ಮುಗಿಯುತ್ತದೆ. ಮುಂದಿನ ಹೆಜ್ಜೆಯ ಹೆಸರನ್ನು ಕಾಲರ್ ಎರಡರಿಂದ ನಾಲ್ಕು ಎಣಿಕೆ ಮೊದಲೇ ಕೂಗಬೇಕು. ತಡವಾದರೆ ಇಡೀ ಸಾಲು ಎಡವುತ್ತದೆ. ಇಲ್ಲಿನ ಕಾಲರ್ ಒಮ್ಮೆಯೂ ತಡಮಾಡಲಿಲ್ಲ.

ಇನ್ನೂ ಮೆಚ್ಚಬೇಕಾದ್ದು ಪಾತ್ರಗಳ ಹೆಸರು. ಹಿಂದೆಲ್ಲ 'ಜೆಂಟ್ಸ್', 'ಲೇಡೀಸ್' ಎಂದು ಕೂಗುತ್ತಿದ್ದರು. ಬಾಸ್ಟನ್ನಿನ ಜಮೈಕಾ ಪ್ಲೇನ್‌ನಲ್ಲಿ ಕುಣಿಸುವ ಲ್ಯಾವೆಂಡರ್ ಕಂಟ್ರಿ ಅಂಡ್ ಫೋಕ್ ಡಾನ್ಸರ್ಸ್‌ನಂಥ ಬಳಗಗಳು ಗಂಡು-ಹೆಣ್ಣಿನ ಲೆಕ್ಕ ಬಿಟ್ಟು, ಒಂದು ಕಾಲಕ್ಕೆ ತೋಳಿಗೆ ಪಟ್ಟಿ ಕಟ್ಟಿ ಪಾತ್ರ ಗುರುತಿಸುತ್ತಿದ್ದವು. ಈಗ ಬಳಕೆಯಲ್ಲಿರುವುದು 'ಲಾರ್ಕ್' ಮತ್ತು 'ರಾಬಿನ್'. ಲಾರ್ಕ್ ಎಡಕ್ಕೆ, ರಾಬಿನ್ ಬಲಕ್ಕೆ. ಇಂಗ್ಲಿಷಿನಲ್ಲಿ ಎಡ-ಬಲಗಳ ಮೊದಲಕ್ಷರವೇ ಈ ಹಕ್ಕಿಗಳ ಮೊದಲಕ್ಷರವೂ ಆದ್ದರಿಂದ ಮರೆಯುವ ಮಾತಿಲ್ಲ. ಯಾರು ಯಾರ ಜೊತೆಗಾದರೂ, ಯಾವ ಬದಿಗಾದರೂ ನಿಲ್ಲಬಹುದು. ಜೋಡಿಯಾಗಿ ಹಿಡಿದು ತಿರುಗುವ ಸ್ವಿಂಗ್ ಮುಗಿದಾಗ ರಾಬಿನ್ ಬಲಗಡೆ ಇರಬೇಕು, ಅಷ್ಟು ಗೊತ್ತಿದ್ದರೆ ಅರ್ಧ ತಪ್ಪು ತಾನಾಗಿ ಸರಿಹೋಗುತ್ತದೆ.

ಉಳಿದರ್ಧ ತಪ್ಪು ಸಾಲಿನ ತುದಿಯಲ್ಲಿ. ತುದಿ ತಲುಪಿದ ಜೋಡಿಗೆ ಒಂದು ಸುತ್ತು ಬಿಡುವು. ಹೊಸಬರು ಕುಣಿತ ಮುಗಿಯಿತೆಂದು ನೀರು ಹುಡುಕಿಕೊಂಡು ಹೊರಟುಬಿಡುತ್ತಾರೆ, ಎದುರಿಗೆ ಬರಬೇಕಾದವರಿಗೆ ಜೋಡಿಯೇ ಇರುವುದಿಲ್ಲ. ಅಲ್ಲೇ ನಿಂತು, ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡು ಸಾಲಿಗೆ ಮುಖಮಾಡಬೇಕು. ಇದನ್ನು ಕಾಲರ್ ಅಭ್ಯಾಸದ ಸುತ್ತಿನಲ್ಲೇ ತೋರಿಸಬೇಕಿತ್ತು. ತೋರಿಸಿದ್ದು ಮೂರನೇ ಕುಣಿತಕ್ಕೆ.

ಇನ್ನು ನೆಲ. ಸ್ವಿಂಗ್ ಎಂದರೆ ಬಲಗಾಲನ್ನು ನಡುವಿಗೆ ಊರಿ, ಎಡಗಾಲಿನಿಂದ ತಳ್ಳುತ್ತ ಬುಗುರಿಯಂತೆ ತಿರುಗುವುದು. ಮರದ ನೆಲದ ಮೇಲೆ ಪಾದ ಜಾರುತ್ತದೆ. ಹುಲ್ಲು ಪಾದವನ್ನು ಹಿಡಿದಿಡುತ್ತದೆ, ಮೈ ಮಾತ್ರ ತಿರುಗುತ್ತದೆ, ಭಾರವೆಲ್ಲ ಮೊಣಕಾಲಿಗೆ. ಬಯಲಿನಲ್ಲಿ ಸುಮ್ಮನೆ ನಡೆಯುತ್ತ ತಿರುಗುವ ಸ್ವಿಂಗೇ ಸರಿ, ವೇಗವನ್ನೂ 108ಕ್ಕೆ ಇಳಿಸಬೇಕು. ವಾದ್ಯದವರು ಹುರುಪಿನಲ್ಲಿ ಏರಿಸುತ್ತಲೇ ಹೋದರು. ಚರ್ಮದ ಅಟ್ಟೆಯ ಬೂಟು ಒದ್ದೆ ಹುಲ್ಲಿನಲ್ಲಿ ಜಾರುತ್ತದೆ, ಚಪ್ಪಲಿ ಹಾರಿಹೋಗುತ್ತದೆ, ಹೈ ಹೀಲ್ಸ್ ಮಣ್ಣಿಗಿಳಿಯುತ್ತದೆ. ಬೆರಳು ಮುಚ್ಚುವ, ತೆಳು ರಬ್ಬರ್ ಅಟ್ಟೆಯ ಚಪ್ಪಟೆ ಬೂಟು ಹಾಕಿಕೊಳ್ಳಿ. ಹೆಗಲಿಗೆ ಕಟ್ಟಿಕೊಂಡ ಕಾಮನಬಿಲ್ಲಿನ ಬಾವುಟ ನೋಡಲು ಚೆಂದ, ಆದರೆ ಬೆನ್ನ ಮೇಲೆ ಇನ್ನೊಬ್ಬರ ಕೈ ಬಂದಾಗ ಅದರಡಿ ಸಿಕ್ಕಿ ಕುತ್ತಿಗೆ ಎಳೆಯುತ್ತದೆ. ಸೊಂಟಕ್ಕೆ ಸುತ್ತಿಕೊಳ್ಳುವುದು ವಾಸಿ. ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಅಂಗೈ ಒರೆಸಿಕೊಳ್ಳಿ. ಕೈ ಹಿಡಿದು ಸುತ್ತುವ ಅಲೆಮಾಂಡ್‌ನಲ್ಲಿ ಎಣ್ಣೆಗೈ ಜಾರಿದರೆ ಇಬ್ಬರೂ ಹಿಂದಕ್ಕೆ ಬೀಳುತ್ತಾರೆ.

ಧ್ವನಿ ವ್ಯವಸ್ಥೆ ಕೆಟ್ಟಿತ್ತು. ಸ್ಪೀಕರುಗಳನ್ನು ಸಾಲಿನ ಎರಡು ತುದಿಗೆ ಒಂದೊಂದರಂತೆ ಇಟ್ಟಿದ್ದರು. ಶಬ್ದಕ್ಕೆ 34 ಮೀಟರ್ ದಾಟಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು, ಈ ವೇಗದಲ್ಲಿ ಅದು ಒಂದು ತಾಳದ ಐದನೇ ಒಂದು ಪಾಲು. ಒಂದು ಸ್ಪೀಕರಿನ ಪಕ್ಕದಲ್ಲಿದ್ದವರಿಗೆ ಇನ್ನೊಂದರದ್ದು ತಡವಾಗಿ ಬಂದು, ಪ್ರತಿ ತಾಳವೂ ಎರಡೆರಡು ಸಲ ಕೇಳಿಸುತ್ತಿತ್ತು. ಎರಡನ್ನೂ ವಾದ್ಯದ ಕಡೆಗೇ, ತಲೆಗಿಂತ ಎತ್ತರದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸಾಲಿಗೆ ಹತ್ತು ಜೋಡಿ ಮೀರದಂತೆ ನೋಡಿಕೊಂಡಿದ್ದರೆ ಸಾಕಿತ್ತು. ಪಿಟೀಲಿನವರಿಗೆ ನೆರಳೂ ಇರಲಿಲ್ಲ. ಪಿಟೀಲಿನ ಭಾಗಗಳನ್ನು ಕೂಡಿಸುವ ಅಂಟು ಬಿಸಿಗೆ ಮೆತ್ತಗಾಗುತ್ತದೆ, ಬಿಸಿಲಲ್ಲಿ ವಾದ್ಯ ಬಿಚ್ಚಿಕೊಳ್ಳುವುದೂ ಉಂಟು. ಒಂದು ಚಪ್ಪರ ಹಾಕುವುದು ದೊಡ್ಡ ಖರ್ಚೇನಲ್ಲ.

ಹೊತ್ತೂ ತಪ್ಪು. ಮಧ್ಯಾಹ್ನ ಹನ್ನೆರಡಕ್ಕೆ ಶುರುಮಾಡಿದ್ದರು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 8.20ರ ಆಸುಪಾಸಿಗೆ, ಸಂಜೆ ಐದರ ಮೇಲೆ ಬೇಕಾದಷ್ಟು ಬೆಳಕಿರುತ್ತದೆ.

ಸ್ವಿಂಗ್ ಒಲ್ಲದವರು ಎರಡು ಕೈ ಹಿಡಿದು ತಿರುಗಬಹುದು, ಬೇಡವೆಂದವರನ್ನು ಒತ್ತಾಯಿಸಬಾರದು ಎಂದು ಕಾಲರ್ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ತಲೆ ಸುತ್ತಿದರೆ ಜೊತೆಗಾರರ ಕಣ್ಣೋ ಕಿವಿಯೋ ದಿಟ್ಟಿಸಿ ನೋಡಿ, ಹಿಂದಿನ ಮರಗಳನ್ನಲ್ಲ. ವಾಡಿಕೆಯಂತೆ ಕೊನೆಗೆ, ಜೋಡಿಯಾಗಿ ತಿರುಗುತ್ತ ಕುಣಿಯುವ ವಾಲ್ಟ್ಸ್ ನುಡಿಸಿದರು. ಹುಲ್ಲಿನ ಮೇಲೆ ವಾಲ್ಟ್ಸ್ ತಿರುಗುವುದಿಲ್ಲ, ಬರಿಗಾಲಲ್ಲಿ ನಿಂತಲ್ಲೇ ತೂಗಾಡಿದವರೇ ಜಾಣರು.