ನೈಲಾನ್ ಮ್ಯಾಲೆ ರಬ್ಬರ್ ಗ್ರಿಪ್ ಹೊಡಸೋರು ಮೊದ್ಲ ಇದನ್ನ ಓದ್ರಿ, ಆಮ್ಯಾಲೆ ಮಾಲ್ ತಗೋರಿ

ಪುಣೆ ಹತ್ರದ ಭೋಸರಿ, ಚಾಕಣ್ ಕಡೆ ಮೋಲ್ಡಿಂಗ್ ಧಂದೆದಾಗ ನಮ್ಮ ಬೆಳಗಾವಿ, ವಿಜಾಪುರ ಮಂದಿ ಭಾಳ ಅದಾರ, ಅದಕ್ಕ ಬರೀಲಿಕತ್ತೇನಿ. ಟಿಪಿಇ (ಕರಗಿಸಿ ಮೋಲ್ಡಿಗೆ ಹೊಡಿಯೋ ರಬ್ಬರಿನಂಥ ಮೆತ್ತಗಿನ ಪ್ಲಾಸ್ಟಿಕ್, ನಾವು ರಬ್ಬರ್ ಅನ್ನೋದು ಇದಕ್ಕ) ಮಾರೋ ವ್ಯಾಪಾರಿ "ಸಬ್ ಪೇ ಚಿಪಕ್ತಾ ಹೈ ಸಾಹೇಬ್", ಎಲ್ಲಾದ್ರ ಮ್ಯಾಲೂ ಅಂಟತೈತಿ, ಅಂದ್ರ ಅಲ್ಲೇ ತಡದು ಕೇಳ್ರಿ, ಯಾವ ಪ್ಲಾಸ್ಟಿಕ್ ಮ್ಯಾಲೆ? ಪಿಪಿನೋ (ಪಾಲಿಪ್ರೊಪಿಲೀನ್), ಎಬಿಎಸ್ಸೋ, ನೈಲಾನೋ? ಎಲ್ಲಾದಕ್ಕೂ ಒಂದೇ ಗ್ರೇಡ್ ಅಂದ್ರ ಚಾ ಕುಡದು ಎದ್ದು ಬರ್ರಿ.

ನಮ್ಮ ಕೆಲಸ ಹತ್ಯಾರದ ಹಿಡಿಕಿ. ಒಳಗ 30% ಗ್ಲಾಸ್ ಫೈಬರ್ ಇರೋ ನೈಲಾನ್ 6, ಮ್ಯಾಲೆ ಮೆತ್ತಗಿನ ಕರೀ ಪಟ್ಟಿ, ಶೋರ್ ಎ 60 (ರಬ್ಬರ್ ಎಷ್ಟು ಗಟ್ಟಿ ಅನ್ನೋ ಅಳತಿ). ನೈಲಾನ್ ಪೀಸ್ ಮೊದ್ಲ ಹೊಡದು, ಅದನ್ನ ಇನ್ನೊಂದ್ ಮೋಲ್ಡ್‌ನಾಗ ಇನ್ಸರ್ಟ್ ಅಂತ ಇಟ್ಟು ಮ್ಯಾಲೆ ಟಿಪಿಇ ಹೊಡಿಯೋದು. ವ್ಯಾಪಾರಿ ಒಂದು ಸ್ಕ್ರೂಡ್ರೈವರ್ ಸ್ಯಾಂಪಲ್ ಕೊಟ್ಟ, ಎಷ್ಟ್ ಜಗ್ಗಿದ್ರೂ ರಬ್ಬರ್ ಜಪ್ಪಯ್ಯ ಅನ್ಲಿಲ್ಲ. ಮುಂದ ಗದ್ಲ ಆದ ಮ್ಯಾಲೆ ಅದ ಸ್ಯಾಂಪಲ್ ಬ್ಲೇಡ್ ಹಾಕಿ ಕೊಯ್ದು ನೋಡಿದ್ವಿ, ಒಳಗಿನ ಪ್ಲಾಸ್ಟಿಕ್ಕಿಗೆ ಆರಪಾರ ತೂತು! ರಬ್ಬರ್ ಸುತ್ತಲೂ ಹೊದ್ದು, ತೂತಿನಾಗಿಂದ ಆ ಕಡೆ ಹೋಗಿ ಕೂಡ್ಕೊಂಡಿತ್ತು. ಅದು ಅಂಟಿದ್ದಲ್ರೀ, ಸಿಗಿಬಿದ್ದಿದ್ದು. ನಮ್ಮ ಹಿಡಿಕಿಗೆ ಒಂದೇ ಮಗ್ಗಲಿಗೆ ಪಟ್ಟಿ, ತೂತೂ ಇಲ್ಲ ಕಚ್ಚೂ ಇಲ್ಲ, ಪೂರಾ ಅಂಟಿನ ಮ್ಯಾಲೇ ನಿಂದರಬೇಕು.

ಮಷೀನಿಂದ ಬಿಸಿ ಬಿಸಿ ತಗದಾಗ ಛಂದನ ಕಾಣ್ತಿತ್ತು. ಮರದಿನ ಮೂಲ್ಯಾಗ ಉಗುರು ಹಾಕಿ ಎತ್ತಿದ್ರ ಬಾಳೆಹಣ್ಣಿನ ಸಿಪ್ಪಿ ಸುಲದಂಗ ಪಟ್ಟಿ ಇಡೀ ಕೈಗೆ ಬಂತು, ಕೆಳಗ ನೈಲಾನ್ ಮ್ಯಾಲೆ ರಬ್ಬರಿನ ಒಂದು ಚೂರೂ ಇಲ್ಲ. ಇದ ನೋಡ್ರಿ ಗುರುತು. ಖರೇನ ಅಂಟಿದ್ರ ಜಗ್ಗಿದಾಗ ರಬ್ಬರ್ ನಡುವ ಹರೀತೈತಿ, ಪ್ಲಾಸ್ಟಿಕ್ ಮ್ಯಾಲೆ ಚೂರು ಕಚ್ಚಿಕೊಂಡು ಉಳೀತಾವ. ಸ್ವಚ್ಛ ಕಿತ್ತು ಬಂದ್ರ ಅಂಟೇ ಇಲ್ಲ ಅಂತ ತಿಳ್ಕೋರಿ.

ಫೋನ್ ಹಚ್ಚಿದ್ರ ವ್ಯಾಪಾರಿ ದಿನಕ್ಕೊಂದು ನೆಪ. ಮಳಿಗಾಲ ಐತಿ, ನಿಮ್ಮ ನೈಲಾನ್ ನೀರು ಕುಡದೈತಿ ಅಂದ. ಮಾತು ಸುಳ್ಳಲ್ಲ, ನೈಲಾನ್ ಹವಾದಾಗಿನ ನೀರು ಎಳ್ಕೋತೈತಿ, ಜೂನ್-ಜುಲೈದಾಗ ಪುಣೆದಾಗ ಚೀಲ ಬಿಚ್ಚಿಟ್ರ ಕೇಳೋದ ಬ್ಯಾಡ, ಅಂಥ ಪೀಸಿನ ಮ್ಯಾಲೆ ಬಿಸಿ ಮಾಲ್ ಬಿದ್ರ ನೀರು ಆವಿಯಾಗಿ ಅಂಟು ಕೆಡಸ್ತೈತಿ. ಸರಿ ಅಂತ ಇನ್ಸರ್ಟ್ 80 ಡಿಗ್ರಿದಾಗ ಒಣಗಿಸಿ ಬಿಸಿ ಇದ್ದಂಗ ಮೋಲ್ಡಿಗೆ ಇಟ್ವಿ, ಕಿತ್ತು ಬಂತು. ಸಿಲಿಕೋನ್ ಸ್ಪ್ರೇ (ಪೀಸ್ ಮೋಲ್ಡಿಗೆ ಹತ್ತದಂಗ ಹೊಡಿಯೋದು) ಹೊಡದೀರಿ ಅಂದ. ನಮ್ಮಲ್ಲಿ ಆ ಡಬ್ಬಿ ಇನ್ಸರ್ಟ್ ಮಷೀನ್ ಹತ್ರ ಬಿಡೋದೇ ಇಲ್ಲ, ಆದ್ರೂ ಪೀಸ್ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಒರಸಿ, ಕೈಗವಸು ಹಾಕ್ಕೊಂಡು ಇಟ್ಟು ಹೊಡದ್ವಿ, ಕಿತ್ತು ಬಂತು. ಬ್ಯಾರಲ್ (ಮಷೀನಿನಾಗ ಮಾಲ್ ಕರಗಸೋ ಕೊಳವಿ) ಟೆಂಪರೇಚರ್ ಏರಸ್ರಿ ಅಂದ, ಏರಿಸಿದ್ರ ವಾಸನಿ ಬಂತು, ಫ್ಲಾಶ್ (ಅಂಚಿನಾಗ ಹೊರಗ ಬರೋ ತೆಳ್ಳನ ಮಾಲ್) ಬಂತು, ಅಂಟು ಮಾತ್ರ ಬರ್ಲಿಲ್ಲ.

ಕಡೀಕ ನಮ್ಮ ಮಷೀನ್ ಸೆಟ್ಟರ್, ಅಥಣಿ ಕಡೆ ಹುಡುಗ, ಅದ ಟಿಪಿಇ ಒಂದು ಪಿಪಿ ಪೀಸಿನ ಮ್ಯಾಲೆ ಹೊಡದು ನೋಡೂಣು ಅಂದ. ಹೊಡದು ಮರದಿನ ಇಕ್ಕಳ ಹಾಕಿ ಜಗ್ಗಿದ್ರ ರಬ್ಬರ್ ಹರೀತು, ಕಿತ್ತು ಬರ್ಲಿಲ್ಲ! ಅಲ್ಲಿಗೆ ಕತಿ ತಿಳೀತು, ವ್ಯಾಪಾರಿ ನೈಲಾನ್ ಗ್ರೇಡ್ ಅಂತ ಹೇಳಿ ಪಿಪಿ ಗ್ರೇಡ್ ಚೀಲ ಕೊಟ್ಟಾನ.

ಯಾಕ ಹಿಂಗ ಅಂದ್ರ, ಬಜಾರದಾಗ ಸಿಗೋ ಸಾದಾ ಟಿಪಿಇ ಅಂದ್ರ ಬಹುತೇಕ ಎಸ್‌ಇಬಿಎಸ್ (ರಬ್ಬರಿನಂಥ ಒಂದು ಪಾಲಿಮರ್), ಎಣ್ಣಿ, ಅದ್ರಾಗ ಸ್ವಲ್ಪ ಪಿಪಿ. ಹಿಂಗಾಗಿ ಪಿಪಿ ಜೋಡಿ ಕರಗಿ ಒಂದಾಗ್ತೈತಿ. ನೈಲಾನ್ ಧ್ರುವೀಯ (ಪೋಲಾರ್) ಜಾತಿದು, ಸಾದಾ ಟಿಪಿಇ ಹಂಗಲ್ಲ, ಇದಕ್ಕೂ ಅದಕ್ಕೂ ಹೊಂದಾಣಿಕಿನ ಇಲ್ಲ. ನೈಲಾನಿಗೆ ಅಂತ ಮಾಡೋ ಗ್ರೇಡ್‌ನಾಗ ಮಾಲಿಕ್ ಅನ್‌ಹೈಡ್ರೈಡ್ ಕೂಡಿಸಿದ ಪಾಲಿಮರ್ ಹಾಕಿರ್ತಾರ, ಅದು ನೈಲಾನ್ ಸರಪಳಿಯ ತುದಿಯ ಅಮೈನ್ ಗುಂಪಿನ ಜೋಡಿ ರಿಯಾಕ್ಷನ್ ಮಾಡಿ ಹಿಡ್ಕೋತೈತಿ. ಕಿಮ್ಮತ್ತು ಜಾಸ್ತಿ, ಹೊಡಿಯೋ ಟೆಂಪರೇಚರೂ ಜಾಸ್ತಿ ಬೇಕು. ಎಬಿಎಸ್, ಪಿಸಿಗೂ (ಪಾಲಿಕಾರ್ಬೊನೇಟ್) ಬ್ಯಾರೆ ಗ್ರೇಡ್ ಅದಾವ, ಇಲ್ಲಾ ಟಿಪಿಯು (ಪಾಲಿಯುರೆಥೇನ್ ಜಾತಿದು) ನೋಡಬೇಕು. ನೈಲಾನ್ ಗ್ರೇಡ್ ಸಿಕ್ರೂ ನಿಮ್ಮದ ಪೀಸ್, ನಿಮ್ಮದ ಕಲರ್ ಮಾಸ್ಟರ್‌ಬ್ಯಾಚ್ (ಬಣ್ಣ ತುಂಬಿದ ಕಾಳು) ಹಾಕಿ ಟ್ರಯಲ್ ತಗೋರಿ, ಯಾಕಂದ್ರ ಪಾಲಿಎಥಿಲೀನ್ ಕ್ಯಾರಿಯರ್ (ಬಣ್ಣ ಕೂಡಿಸಿದ ಪ್ಲಾಸ್ಟಿಕ್) ಇರೋ ಮಾಸ್ಟರ್‌ಬ್ಯಾಚ್ ನೈಲಾನಿಗೆ ಹಾಕಿದ್ರ ಅದೂ ಅಂಟು ಕೆಡಸ್ತೈತಿ. ಟ್ರಯಲ್ ಪೀಸ್ ಬಿಸಿ ಇದ್ದಾಗ ಜಗ್ಗಿ ಪಾಸ್ ಮಾಡಬ್ಯಾಡ್ರಿ, ಒಂದು ದಿನ ಬಿಟ್ಟು ಜಗ್ರಿ.

ರೊಕ್ಕದ ಮಾತು ಹೇಳ್ಬೇಕಂದ್ರ, ವ್ಯಾಪಾರಿ ಉಳದ ಚೀಲ ವಾಪಸ್ ತಗೊಂಡ, ಕೆಟ್ಟ ನೈಲಾನ್ ಪೀಸಿನ ರೊಕ್ಕ ಕೊಡಂಗಿಲ್ಲ ಅಂದ. ಬಿಲ್ಲಿನಾಗ "ಟಿಪಿಇ ಗ್ರ್ಯಾನ್ಯೂಲ್ಸ್ ಬ್ಲ್ಯಾಕ್" ಅಂತಷ್ಟ ಐತಿ, ಗ್ರೇಡ್ ನಂಬರ್ ಇಲ್ಲ, ಲಾಟ್ ನಂಬರ್ ಇಲ್ಲ, ನೈಲಾನ್ ಅನ್ನೋ ಮಾತು ಬರೇ ಬಾಯಾಗ ಆಗಿದ್ದು. ಈಗ ನಮ್ಮ ಪಿಓದಾಗ (ಖರೀದಿ ಆರ್ಡರ್) ಯಾವ ಪ್ಲಾಸ್ಟಿಕ್ ಮ್ಯಾಲೆ ಅಂಟಬೇಕು, ಜಗ್ಗಿದ್ರ ರಬ್ಬರ್ ಹರೀಬೇಕು, ಕಿತ್ತು ಬರಬಾರದು ಅಂತ ಸಾಫ್ ಬರೀತೇವಿ. ಅದನ್ನ ನೋಡಿ ಇಬ್ಬರು ವ್ಯಾಪಾರಿ ರೇಟ್ ಕೊಡೋದ ಬಿಟ್ಟಾರ.