ಕಡುಗಪ್ಪು ಬಣ್ಣಕ್ಕೆ ಟಾರ್ಚ್ ಹಿಡಿಯುವ ಮುನ್ನ

ಬೆಳಕನ್ನೇ ನುಂಗುವ ಕಪ್ಪು ಬಣ್ಣದ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಮನೆಯಲ್ಲಿ ಹಾಗೆ ಮಾಡಿ ನೋಡುವ ಆಸೆ ಇದ್ದರೆ ದಯವಿಟ್ಟು ಇದನ್ನು ಓದಿ.

ನಾನೂ ನನ್ನ ಗೆಳೆಯನೂ ಥರ್ಮೋಕೋಲ್ ಹಲಗೆಗೆ ಇಂಥ ಅಕ್ರಿಲಿಕ್ ಬಣ್ಣ ಬಳಿದು, ಒಣಗಿಸಿ, 10,000 ಲ್ಯೂಮೆನ್ (ಬೆಳಕಿನ ಅಳತೆ) ಟಾರ್ಚ್ ಹಿಡಿದೆವು. ಎಷ್ಟು ಜೋರು ಬೆಳಕು ಬಿಟ್ಟರೂ ಏನೂ ಆಗಲ್ಲ ಅಂತ ಬಣ್ಣ ಮಾರಿದವರು ಹೇಳಿದ್ದರು. ದೂರದಿಂದ ಹಲಗೆ ಕಪ್ಪಾಗಿಯೇ ಇತ್ತು. ಹತ್ತಿರ ತಂದರೂ ಅಷ್ಟೇ. ಇನ್ನೂ ಹತ್ತಿರ ತಂದಾಗ ಮೊದಲು ಸುಟ್ಟ ವಾಸನೆ ಬಂತು, ಆಮೇಲೆ ಹೊಗೆ. ಥರ್ಮೋಕೋಲ್ ಕರಗಿ ಗುಳಿ ಬಿದ್ದಿತ್ತು. ಆದರೆ ಅಷ್ಟು ಕಪ್ಪಿನಲ್ಲಿ ಗುಳಿ ಕಣ್ಣಿಗೆ ಬೀಳೋದೇ ಇಲ್ಲ! ಗೆಳೆಯ ಮುಟ್ಟಿದ. ಬೆರಳಿಗೆ ಬೊಬ್ಬೆ ಬಂತು.

ನುಂಗಿದ ಬೆಳಕು ಎಲ್ಲಿಗೂ ಹೋಗಲ್ಲ, ಬಿಸಿಯಾಗುತ್ತದೆ. 10,000 ಲ್ಯೂಮೆನ್ ಬಿಳಿ ಬೆಳಕು ಅಂದರೆ ಸುಮಾರು 30 ವ್ಯಾಟ್ ಶಕ್ತಿ. ಸಣ್ಣ ಸೋಲ್ಡರಿಂಗ್ ಐರನ್ ಎಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಬಿಳಿ ಗೋಡೆ ಅದರಲ್ಲಿ ಬಹುಪಾಲನ್ನು ವಾಪಸ್ ಕಳಿಸುತ್ತದೆ, ಈ ಬಣ್ಣ ಹೆಚ್ಚುಕಡಿಮೆ ಪೂರ್ತಿ ಇಟ್ಟುಕೊಳ್ಳುತ್ತದೆ. 2014ರಲ್ಲಿ ಬಂದ ವ್ಯಾಂಟಾಬ್ಲ್ಯಾಕ್ ಶೇ. 99.965ರಷ್ಟು ಬೆಳಕು ಹೀರುತ್ತಿತ್ತು. ಅದು ಇಂಗಾಲದ ನ್ಯಾನೋ ಕೊಳವೆಗಳ (ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳ) ಲೇಪನ, ನಮ್ಮ ಕೈಗೆ ಸಿಗುವ ಡಬ್ಬಿ ಬಣ್ಣವಲ್ಲ. ಡಬ್ಬಿ ಬಣ್ಣ ಅಷ್ಟು ಕಪ್ಪಲ್ಲದಿದ್ದರೂ ಬಿಸಿಯ ಲೆಕ್ಕದಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ. ಥರ್ಮೋಕೋಲ್ ಸುಮಾರು 100 ಡಿಗ್ರಿಗೇ ಮೆತ್ತಗಾಗುತ್ತದೆ, ಬಿಸಿಯನ್ನು ಹೊರಗೂ ಬಿಡಲ್ಲ.

ನನಗೆ ಭಯ ಆಗಿದ್ದು ಇನ್ನೊಂದಕ್ಕೆ. ಬೆಳಕು ಕಣ್ಣಿಗೆ ವಾಪಸ್ ಬರದೆ ಇದ್ದಾಗ ಟಾರ್ಚ್ ಮಂಕಾಗಿದೆ ಅನ್ನಿಸುತ್ತದೆ. ಕೈ ತಾನಾಗಿ ಮುಂದೆ ಹೋಗುತ್ತದೆ. ಬಣ್ಣ ಹತ್ತದ ಅಂಚಿಗೆ ಅದೇ ಬೆಳಕು ತಾಗಿದರೆ ನೇರ ಕಣ್ಣಿಗೇ ಹೊಡೆಯುತ್ತದೆ.

ಪರೀಕ್ಷೆ ಮಾಡಲೇಬೇಕಾದರೆ ಲೋಹದ ತಗಡಿಗೆ ಬಳಿಯಿರಿ. ಒಂದು ಮಾರು ದೂರ ನಿಂತು, ಕಡಿಮೆ ಮೋಡ್‌ನಲ್ಲಿ, ಕೆಲವೇ ಸೆಕೆಂಡ್ ಹಿಡಿಯಿರಿ. ಬಣ್ಣ ಎಷ್ಟು ಕಪ್ಪು ಅಂತ ತಿಳಿಯಲು ಅಷ್ಟು ಬೆಳಕು ಸಾಕು. ಓರೆಯಾಗಿ ಬಿಟ್ಟು ನೋಡಿದರೆ ಹೊಳಪು ಇನ್ನೂ ಬೇಗ ಗೊತ್ತಾಗುತ್ತದೆ. ಉರಿಯುವ ಟಾರ್ಚನ್ನು ಹಲಗೆ ಮೇಲೆ ಬೋರಲು ಇಡಲೇಬೇಡಿ. ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿದರೆ ಕೀಳಬೇಡಿ, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು ಡಾಕ್ಟರ್‌ಗೆ ತೋರಿಸಿ.